ಪಡಸಾಲೆಯಲ್ಲಿ ಹಾಕಿದ ಕುರ್ಚಿ

ನಾನು ನನ್ನ ಕೆಲಸದಿಂದ ನಿವೃತ್ತಳಾದದ್ದು ಒಂದು ಮತ ಎಣಿಕೆಯ ದಿನ, ಮಧ್ಯಾಹ್ನದ ಊಟಕ್ಕೆ ಮುಂಚೆ. ಹಾರಗಳನ್ನೇನೋ ತರಿಸಿಟ್ಟಿದ್ದರು. ಅವು ನಮ್ಮ ಯಜಮಾನರು ಗೆದ್ದರೆ ಎಂದು ತರಿಸಿದ್ದು. ಸೋತದ್ದು ಖಾತ್ರಿಯಾದ ಮೇಲೆ ಯಾರೋ ಅವನ್ನು ಹಿತ್ತಲಿಗೆ ಒಯ್ದು ಎಮ್ಮೆಯ ಮುಂದೆ ಹಾಕಿದ್ದರು. ಎಮ್ಮೆ ಸೇವಂತಿಗೆಯನ್ನೆಲ್ಲ ತಿಂದು ಚೆಂಡುಹೂವನ್ನು ಹಾಗೇ ಬಿಟ್ಟಿತ್ತು.

ಇಷ್ಟು ಬರೆದು ಯಜಮಾನರಿಗೆ ಓದಿ ತೋರಿಸಿದೆ. "ಎಮ್ಮಿ ಎಲ್ಲಿತ್ತು ಆವಾಗ? ಮಾರಿ ಯಾವ ಕಾಲ ಆಗಿತ್ತು. ಅದು ಬಾಜೂ ಮನಿಯವರ ಆಕಳ," ಎಂದರು. ನನಗೆ ಎಮ್ಮೆಯೇ ಕಾಣಿಸುತ್ತದೆ, ಅದರ ಮೂಗಿನ ಮೇಲಿನ ಹೂವಿನ ಎಸಳೂ ಕಾಣಿಸುತ್ತದೆ. ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ "ಸೋತರು. ಅನ್ನ ಉಳಿಯಿತು" ಎಂದು ಮಾತ್ರ ಇದೆ. ಆದ್ದರಿಂದ ಓದುವವರು ಮೊದಲೇ ತಿಳಿದಿರಲಿ: ಇಲ್ಲಿ ಬರುವ ಸಂಗತಿಗಳು ನಿಜವಾಗಿ ಆದವು, ಆದರೆ ಎಮ್ಮೆಯೋ ಆಕಳೋ ಎಂಬ ವಿಷಯದಲ್ಲಿ ನನ್ನನ್ನು ಪೂರ್ತಿ ನಂಬಬೇಡಿ.

ನನ್ನ ಹುದ್ದೆ ಉಮೇದುವಾರನ ಹೆಂಡತಿ. ಈ ಹುದ್ದೆಗೆ ಅರ್ಜಿ ಹಾಕುವಂತಿಲ್ಲ, ಪಗಾರವಿಲ್ಲ, ತರಬೇತಿಯೂ ಇಲ್ಲ. ನಾನು ಬನಹಟ್ಟಿಯ ನೇಕಾರರ ಮನೆಯವಳು. ಧಾರವಾಡದಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಚುನಾವಣೆಯ ಬಗ್ಗೆ ನಾವು ಓದಿದ ಅಧ್ಯಾಯದಲ್ಲಿ ಮತದಾರ, ಪಕ್ಷ, ಪ್ರಣಾಳಿಕೆ ಎಲ್ಲವೂ ಇದ್ದವು. ಹೆಂಡತಿ ಇರಲಿಲ್ಲ. ಮದುವೆಯಾಗಿ ಬೀಳಗಿ ಕಡೆ ಬಂದೆ. ಬಾಗಲಕೋಟೆ ಹೊಸ ಜಿಲ್ಲೆಯಾದ ಹೊತ್ತಿನಲ್ಲಿ ಊರೂರಿಗೆ ಹೊಸ ನಾಯಕರು ಹುಟ್ಟಿಕೊಂಡರು. ಅವರಲ್ಲಿ ನಮ್ಮವರೂ ಒಬ್ಬರು. ಯಾವ ಪಕ್ಷ, ಯಾವ ಸ್ಥಾನ ಎಂಬುದು ಈ ಬರಹಕ್ಕೆ ಬೇಡ. ಮೂರು ಸಲ ನಿಂತರು, ಎರಡು ಸಲ ಗೆದ್ದರು, ಮೂರನೆಯ ಸಲ ಸೋತರು. ನನ್ನ ಸೇವಾವಧಿ ಅಷ್ಟೇ. ಈಗ ನಮ್ಮ ಮಗ ನಿಂತಿದ್ದಾನೆ, ಅವನ ಹೆಂಡತಿ ಪಲ್ಲವಿ ಅದೇ ಕೆಲಸಕ್ಕೆ ಸೇರಿದ್ದಾಳೆ. "ಅತ್ತಿ, ನೀವು ಏನೇನು ಮಾಡತಿದ್ರಿ, ಬರದ ಕೊಡ್ರಿ" ಎಂದು ಕೇಳಿದ್ದು ಅವಳೇ.

ನನ್ನ ಮೇಲಧಿಕಾರಿ ನಮ್ಮ ಅತ್ತೆ. ಮಾವ ಹಳೆಯ ತಾಲೂಕು ಬೋರ್ಡಿನಲ್ಲಿ ಇದ್ದವರು, ಹೀಗಾಗಿ ಅತ್ತೆ ಈ ಕಸುಬಿನಲ್ಲಿ ನನಗಿಂತ ಒಂದು ತಲೆಮಾರು ಹಿರಿಯರು. ಓದು ಬರಹ ಅವರಿಗೆ ಅಷ್ಟಕ್ಕಷ್ಟೇ. ಮೊದಲ ಪ್ರಚಾರಕ್ಕೆ ಹೊರಡುವ ಬೆಳಿಗ್ಗೆ ನನ್ನನ್ನು ದೇವರ ಮನೆಯ ಮುಂದೆ ನಿಲ್ಲಿಸಿ, ಮೈಮೇಲಿನ ರೇಷ್ಮೆ ಸೀರೆ ಬಿಚ್ಚಿಸಿ ಇಳಕಲ್ಲ ಸೀರೆ ಉಡಿಸಿದರು. ಕೊರಳಲ್ಲಿ ತಾಳಿ ಬಿಟ್ಟು ಉಳಿದ ಬಂಗಾರ ತೆಗೆಸಿದರು.

"ಕೇಳಿಲ್ಲಿ. ಮುಂಬಾಗಲಾಗ ಗಂಡಸರು ಕುಂತಿರತಾರ. ಕೈ ಮುಗಿ, ನಿಲ್ಲಬ್ಯಾಡ. ಸೀದಾ ಒಲಿ ಮುಂದ ಹೋಗು. ಒಲಿ ಮುಂದ ಚಾಪಿ ಹಾಸಿದರ ಆ ಮನಿ ನಮ್ಮದು. ಪಡಸಾಲ್ಯಾಗ ಕುರ್ಚಿ ಹಾಕಿ, ಬಿಸ್ಕೀಟು ಇಟ್ಟರ, ಚಹಾ ಕುಡದು ಎದ್ದು ಬಾ. ಅಲ್ಲಿ ಮಾತು ಖರ್ಚು ಮಾಡಬ್ಯಾಡ."

"ಕುರ್ಚಿ ಹಾಕೂದು ಮರ್ಯಾದಿ ಅಲ್ಲೇನ್ರಿ?"

"ಮರ್ಯಾದಿನ. ಮರ್ಯಾದಿ ಹೊರಗಿನವರಿಗೆ ಕೊಡತಾರ. ನೀ ಎಂ.ಎ. ಹ್ಯಾಂಗ ಪಾಸಾದಿ?"

ಇನ್ನೊಂದು ಪಾಠ ಬಾಯಿಗೆ ಸಂಬಂಧಿಸಿದ್ದು. "'ಮಾಡತೀನಿ' ಅನಬ್ಯಾಡ. 'ಅವರಿಗೆ ಹೇಳತೀನಿ' ಅನ್ನು. ಹೇಳೂದು ನಿನ್ನ ಕೈಯಾಗ ಐತಿ." ಮೂರನೆಯದು ಚಹಾದ್ದು. ಯಾವ ಮನೆಯಲ್ಲೂ ಬೇಡ ಅನ್ನಬಾರದು, ಯಾವ ಮನೆಯಲ್ಲೂ ಪೂರ್ತಿ ಕುಡಿಯಬಾರದು. ಎರಡು ಗುಟುಕು ಕುಡಿದು, ಉಳಿದದ್ದನ್ನು ಬಸಿ ತಟ್ಟೆಗೆ ಸುರಿದು ಹತ್ತಿರದ ಮಗುವಿಗೆ ಕೊಡಬೇಕು. ಮಗುವನ್ನು ಮುದ್ದು ಮಾಡಿದಂತೆಯೂ ಆಯಿತು, ಹೊಟ್ಟೆಯೂ ಉಳಿಯಿತು. ಮೊದಲ ದಿನ ಈ ಪಾಠ ಮರೆತು, ಮನೆಮನೆಯ ಚಹಾ ಪೂರ್ತಿ ಕುಡಿದು, ಸಂಜೆ ಕಬ್ಬಿನ ಹೊಲದ ಬದುವಿನಲ್ಲಿ ಜೀಪು ನಿಲ್ಲಿಸಬೇಕಾಯಿತು. ಇಷ್ಟು ಸಾಕು.

ಭಾಷಣ ನನ್ನ ಕೆಲಸವಲ್ಲ ಎಂಬುದು ಒಂದೇ ಸಭೆಯಲ್ಲಿ ತಿಳಿಯಿತು. ಒಂದು ಹಳ್ಳಿಯ ಕಟ್ಟೆಯ ಮೇಲೆ ನನ್ನನ್ನೂ ಕೂಡಿಸಿ, "ಈಗ ಅಕ್ಕಾರು ಮಾತಾಡತಾರ" ಎಂದು ಮೈಕು ಕೊಟ್ಟರು. ನಾನು ಸ್ಥಳೀಯ ಸರ್ಕಾರ ಎಂಬ ಕಲ್ಪನೆಯ ಮೇಲೆ ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದೆ. ಎರಡನೆಯ ವಾಕ್ಯಕ್ಕೆ ಪಕ್ಷದ ಹಿರಿಯರೊಬ್ಬರು ಹಿಂದಿನಿಂದ ಸೆರಗು ಜಗ್ಗಿದರು. "ಅಕ್ಕಾರ, ಛಲೋ ಮಾತಾಡಾಕತ್ತೀರಿ. ಸಾಕು. ಬರೇ ಕೈ ಮುಗೀರಿ." ಕೈ ಮುಗಿದೆ. ಅವತ್ತಿನ ಸಭೆಯಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಅದಕ್ಕೇ.

ಇನ್ನೊಂದು ಸಲ ಪಕ್ಷದವರು, ಬನಹಟ್ಟಿಯ ಮಗಳು ಬನಹಟ್ಟಿಯಲ್ಲಿ ಮತ ಕೇಳಲಿ ಎಂದು ನನ್ನನ್ನು ತವರಿಗೇ ಕಳಿಸಿದರು. ಎಲ್ಲ ಹೆಂಗಸರಿಗೂ ಒಂದೇ ಬಣ್ಣದ ಸೀರೆ ಕೊಟ್ಟಿದ್ದರು. ಅದನ್ನೇ ಉಟ್ಟು ಓಣಿಗಿಳಿದೆ. ಅಪ್ಪ ಮಗ್ಗದ ಮುಂದಿನಿಂದ ಎದ್ದು ಬಂದು ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇದು ಎಲ್ಲೀ ಮಾಲು?"

"ಸೂರತ್ತಿಂದು ಇರಬೇಕಪ್ಪ. ಪಕ್ಷದವರು ಕೊಟ್ಟಾರ."

"ಹಂಗಾರ ಓಟೂ ಅಲ್ಲೇ ಕೇಳ್ರಿ," ಎಂದು ಹೋಗಿ ಮತ್ತೆ ಲಾಳಿ ಹಿಡಿದರು. ಆ ಓಣಿಯಲ್ಲಿ ನಮಗೆ ಬಿದ್ದ ಮತ ಎಷ್ಟೆಂದು ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಬೀರವ್ವನ ವಿಷಯ ಬರೆಯಬೇಕು. ಪಲ್ಲವಿ ಕೇಳಿದ್ದು ಸೀರೆ ಚಹಾದ ಸಂಗತಿಗಳನ್ನೇ. ಆದರೆ ಬರೆಯಲು ಕುಳಿತಾಗಿನಿಂದ ಕೈ ಈ ಕಡೆಗೇ ಜಗ್ಗುತ್ತಿದೆ.

ಮೊದಲ ಪ್ರಚಾರದಲ್ಲಿ ಅನಗವಾಡಿ ಕಡೆಯ ಹೊಳೆಸಾಲಿನ ಒಂದು ಹಳ್ಳಿಗೆ ಹೋಗಿದ್ದೆ. ಆಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗುವುದು ಗೊತ್ತಾಗಿತ್ತು. ಮೇಲಿನ ಎರಿ ಹೊಲದಲ್ಲಿ ಹೊಸ ಊರಿಗೆ ಜಾಗ ಗುರುತು ಮಾಡಿ ಕಲ್ಲು ನೆಟ್ಟಿದ್ದರು. ಗಂಡಸರೆಲ್ಲ ಪರಿಹಾರದ ಮಾತಾಡುತ್ತ ಕಟ್ಟೆಯ ಮೇಲಿದ್ದರು. ನಾನು ಅತ್ತೆಯ ಪಾಠದಂತೆ ಒಲೆ ಹುಡುಕಿಕೊಂಡು ಒಳಗೆ ನಡೆದೆ. ಆ ಒಲೆ ಬೀರವ್ವನದು. ಕುರಿ ಸಾಕುವ ಮನೆತನ. ಗಂಡ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಬಹುಪಾಲು ಹೊರಗೇ ಇರುತ್ತಿದ್ದ. ಅವಳ ಎರಡೂ ಕಣ್ಣು ಮಂಜಾಗಿದ್ದವು; ಬೆಳಕು ನೆರಳು ಗೊತ್ತಾಗುತ್ತಿತ್ತು, ಮುಖ ಗೊತ್ತಾಗುತ್ತಿರಲಿಲ್ಲ.

"ಯಾರಬೇ ಅದು? ಬಳಿ ಸಪ್ಪಳ ಹೊಸಾದು ಐತಲ್ಲ."

ಯಾರ ಮನೆಯವಳೆಂದು ಹೇಳಿದೆ. "ಓ, ಓಟಿನಾಕಿ! ಬಾರವ್ವ, ಬಾ, ಕುಂಡ್ರು," ಎಂದು ತಡವುತ್ತ ಚಾಪೆ ಹಾಸಿದಳು. ಬೆಲ್ಲದ ಚಹಾ ಮಾಡಲು ಡಬ್ಬಿಗೆ ಕೈ ಹಾಕಿದ್ದೇ ತಡ, ಗೋಡೆಯಿಂದ ದನಿ ಬಂತು.

"ಬೇ ಬೀರವ್ವ, ಅದು ಉಪ್ಪಿನ ಡಬ್ಬಿ! ಬೆಲ್ಲ ಮ್ಯಾಲಿಂದು."

ಗೋಡೆಯಲ್ಲಿ ಎರಡು ಇಟ್ಟಂಗಿಯಷ್ಟು ಕಿಂಡಿ ಇತ್ತು. ಅದರ ಆಚೆಗೆ ಒಂದು ಮುಖ: ಶಾಂತವ್ವ, ಪಕ್ಕದ ಒಕ್ಕಲುತನದ ಮನೆಯವಳು, ಹಣೆಯ ಮೇಲೆ ವಿಭೂತಿ. ಬೀರವ್ವನ ಮನೆದೇವರು ಬೀರೇಶ್ವರ, ಶಾಂತವ್ವನದು ಲಿಂಗಪೂಜೆ. ಉಣ್ಣುವ ತಟ್ಟೆ ಬೇರೆ ಬೇರೆ. ಆದರೆ ಕೆಂಡ, ಮಜ್ಜಿಗೆ, ಬೈಗುಳ ಎಲ್ಲವೂ ಆ ಕಿಂಡಿಯಲ್ಲೇ ಓಡಾಡುತ್ತಿದ್ದವು.

"ಆಕಿ ನನ್ನ ಕಣ್ಣು," ಎಂದಳು ಬೀರವ್ವ.

"ಕಣ್ಣಲ್ಲ, ಕೂಲಿ ಇಲ್ಲದ ಆಳು," ಎಂದಿತು ಗೋಡೆ.

ನಿಮಗೇನು ಬೇಕು ಎಂದು ಕೇಳಿದೆ. ಹೀಗೆ ಕೇಳುವುದು ನನ್ನ ಕೆಲಸದ ಭಾಗ. ರಸ್ತೆ, ಬೋರು, ಸಮುದಾಯ ಭವನ ಎಂಬ ಉತ್ತರಗಳು ಬರುತ್ತಿದ್ದವು. ಬೀರವ್ವ ಹೇಳಿದ್ದು ಬೇರೆ.

"ಹೊಸಾ ಊರಾಗ ಚೀಟಿ ಎತ್ತಿ ಜಾಗಾ ಕೊಡತಾರಂತ. ನನಗ ಒಂದು ಮೂಲಿ, ಆಕಿಗೆ ಒಂದು ಮೂಲಿ ಬಂದರ ನಾ ಉಪ್ಪಿನ ಚಹಾ ಕುಡದ ಸಾಯಬೇಕು. ನಮ್ಮಿಬ್ಬರಿಗೂ ಬಾಜೂ ಬಾಜೂ ಜಾಗಾ ಕೊಡಸು. ನಡುವ ಗ್ವಾಡಿ ಒಂದ ಇರಲಿ. ಮತ್ತೇನೂ ಬ್ಯಾಡವ್ವ."

ಇಷ್ಟು ಸಣ್ಣ ಬೇಡಿಕೆಯನ್ನು ನಾನು ಆ ಪ್ರಚಾರದಲ್ಲಿ ಬೇರೆ ಎಲ್ಲೂ ಕೇಳಿರಲಿಲ್ಲ. "ಅವರಿಗೆ ಹೇಳತೀನಿ" ಎಂದೆನೋ, "ಕೊಡಸತೀನಿ" ಎಂದೆನೋ? ಮೊದಲನೆಯದನ್ನೇ ಅಂದಿರಬೇಕು, ಅತ್ತೆಯ ತರಬೇತಿ ಹಾಗಿತ್ತು. ಆದರೆ ಅವಳು ಎದ್ದು ಟ್ರಂಕು ತೆಗೆದು ನನ್ನ ಉಡಿ ತುಂಬಿದ್ದನ್ನು ನೋಡಿದರೆ ಎರಡನೆಯದನ್ನೇ ಕೇಳಿಸಿಕೊಂಡಿದ್ದಳು ಅನಿಸುತ್ತದೆ. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಖಣ. ದಾಳಿಂಬೆ ಬಣ್ಣದ ಖಣ, ಅಂಚಿನ ಒಂದು ಮೂಲೆಯಲ್ಲಿ ಎಣ್ಣೆಯ ಕಲೆ. "ಮಗಳ ಲಗ್ನಕ್ಕ ತಂದದ್ದು, ಒಂದು ಉಳದಿತ್ತು. ಇವತ್ತಿಗೆ ಇದು ನಿನ್ನ ತವರಮನಿ ಆತು," ಎಂದಳು. ನಮ್ಮ ಕಡೆ ಉಡಿ ತುಂಬುವುದು ಆಟದ ಮಾತಲ್ಲ. ತುಂಬಿಸಿಕೊಂಡವಳು ಆ ಮನೆಯ ಮಗಳು.

ಯಜಮಾನರು ಗೆದ್ದರು. ಹಾರ ತುರಾಯಿಗಳ ಗದ್ದಲ ಇಳಿದ ಮೇಲೆ ಹೇಳಿದೆ. "ಅದೇನ ದೊಡ್ಡ ಮಾತ," ಎಂದರು. ಇನ್ನೊಂದು ಸಲ ಹೇಳಿದಾಗ, "ಬರದ ಕೊಡು, ಸಹಾಯಕಗ ಹೇಳತೀನಿ," ಎಂದರು. ಬರೆದು ಕೊಟ್ಟೆ. ಇನ್ನೊಂದು ಸಲ ಕೇಳಿದಾಗ ನನ್ನನ್ನೇ ಕೇಳಿದರು: "ಯಾವ ಬೀರವ್ವ?" ಅವರು ಕೆಟ್ಟವರಲ್ಲ. ಅವರ ಮುಂದೆ ದಿನವೂ ಗುಡ್ಡದಷ್ಟು ಬೇಡಿಕೆ ಇರುತ್ತಿದ್ದವು, ಮತ್ತು ದೊಡ್ಡ ಬೇಡಿಕೆಗಳೇ ಮೇಲೆ ಇರುತ್ತಿದ್ದವು. ಚೀಟಿ ಎತ್ತಿದರು. ಶಾಂತವ್ವನಿಗೆ ಹೊಸ ಊರಿನ ಮುಂದಿನ ಸಾಲು ಬಂತು, ಬೀರವ್ವನಿಗೆ ಹಿಂದಿನ ಕೊನೆ.

ಇಲ್ಲಿ ಒಂದು ಉಪಕಥೆ ಬರಬೇಕು, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ಅದೇ ಮೊದಲ ಪ್ರಚಾರದ ಕೊನೆಯ ದಿನಗಳಲ್ಲಿ ನಾನು ಬನಹಟ್ಟಿಗೆ ಹೊರಟಿದ್ದೆ. ಮಹಾಲಿಂಗಪುರದ ಹತ್ತಿರ ಚುನಾವಣೆಯ ತಪಾಸಣೆ ತಂಡ ಜೀಪು ನಿಲ್ಲಿಸಿತು. ಹಿಂದಿನ ಸೀಟಿನ ಕೆಳಗೆ ದೊಡ್ಡ ಗಂಟು. ಬಿಚ್ಚಿದರೆ ಬರೇ ಖಣಗಳು.

ಅಧಿಕಾರಿ ನಕ್ಕರು. "ಯಾವ ಊರಿಗೆ ಹಂಚಾಕ ಒಯ್ಯಾಕತ್ತೀರಿ, ಮೇಡಂ?"

"ಹಂಚಾಕ ಅಲ್ಲರಿ. ನನಗ ಕೊಟ್ಟದ್ದು."

"ಯಾರು?"

"ಮತದಾರರು."

"ಮತದಾರರು ನಿಮಗ ಲಂಚ ಕೊಟ್ಟಾರ?"

ಅವರ ನಗುವಿನಲ್ಲಿ ನ್ಯಾಯವಿತ್ತು. ನಾನು ಓದಿದ ಶಾಸ್ತ್ರದಲ್ಲೂ ಮತದಾರ ಉಮೇದುವಾರನ ಹೆಂಡತಿಗೆ ಬಟ್ಟೆ ಕೊಡುವ ಪದ್ಧತಿಯ ಉಲ್ಲೇಖವಿಲ್ಲ. ಉಡಿ ತುಂಬಿದ್ದು ಎಂದು ಒಂದೊಂದೇ ಖಣ ಬಿಡಿಸಿ ತೋರಿಸಿದೆ. ಮಡಿಕೆಗಳಿಂದ ಅಕ್ಕಿ ಉದುರಿ ಅವರ ಮೇಜಿನ ಮೇಲೆಲ್ಲ ಹರಡಿತು. ಕೊನೆಗೆ ಅವರು ಬೇಸತ್ತು "ಸ್ವಂತ ಬಟ್ಟೆ" ಎಂದು ಬರೆದು ಬಿಟ್ಟರು. ಅಕ್ಕಿಯನ್ನೂ ಬಳಿದು ಪುಡಿಕೆ ಕಟ್ಟಿ ವಾಪಸು ಕೊಟ್ಟರು, ಪ್ರಾಮಾಣಿಕ ಮನುಷ್ಯ.

ಆದರೆ ಅತ್ತೆ ಹೆದರಿದರು. ಗಂಟನ್ನು ಇಸಿದುಕೊಂಡು ತಮ್ಮ ದೊಡ್ಡ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. "ಇರಲಿ, ಖಣ ಏನ್ ಕೆಡತಾವೇನು? ಮುಂದಿನ ಸಲ ನಾವ ಉಡಿ ತುಂಬಾಕ ಬರತಾವ." ಬಂದ ಖಣವನ್ನು ಇನ್ನೊಬ್ಬರಿಗೆ ಕೊಡುವುದು ಎಲ್ಲ ಮನೆಗಳಲ್ಲಿ ಇರುವ ರೂಢಿಯೇ. ಒಂದೇ ಖಣ ನಾಲ್ಕು ತಾಲೂಕು ತಿರುಗಿ ಬಂದದ್ದನ್ನು ನಾನೇ ಕಂಡಿದ್ದೇನೆ. ರೂಢಿಗೆ ಇರುವ ನಿಯಮ ಒಂದೇ: ಕೊಟ್ಟ ಮನೆಗೆ ಮಾತ್ರ ತಿರುಗಿ ಹೋಗಬಾರದು. ಹೋದರೆ, ನಿಮ್ಮ ತವರುತನ ನಮಗೆ ಬೇಡ ಎಂದು ಹೇಳಿದ ಹಾಗೆ.

ಎರಡನೆಯ ಪ್ರಚಾರದ ಹೊತ್ತಿಗೆ ಹಳೆಯ ಊರು ನೀರಿನ ಕೆಳಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಗುಡಿಯ ಶಿಖರ ಕಾಣುತ್ತಿತ್ತು ಎನ್ನುತ್ತಾರೆ, ನಾನು ನೋಡಿಲ್ಲ. ಹೊಸ ಊರಿಗೆ ಹೋಗುವಾಗ ನನಗೆ ಅಳುಕು. ಬೈಯುತ್ತಾರೆ ಎಂದುಕೊಂಡು ಹೋದರೆ, ಬೀರವ್ವನ ಮನೆ ಇದ್ದದ್ದು ಹಿಂದಿನ ಕೊನೆಯಲ್ಲಲ್ಲ, ಮುಂದಿನ ಸಾಲಿನಲ್ಲಿ, ಶಾಂತವ್ವನ ಮನೆಗೆ ಅಂಟಿಕೊಂಡು. ಒಳಗೆ ಹೋದೆ. ಒಲೆಯ ಪಕ್ಕದ ಗೋಡೆಯಲ್ಲಿ ಅದೇ ಅಳತೆಯ ಕಿಂಡಿ. ಸಿಮೆಂಟು ಗೋಡೆ, ಆದ್ದರಿಂದ ಅಂಚು ಸ್ವಲ್ಪ ಒರಟಾಗಿತ್ತು.

"ಬಾರವ್ವ," ಎಂದಳು ಬೀರವ್ವ. ಚಾಪೆ ಹಾಸಿದಳು. "ಪರಸಪ್ಪನ ಕೂಡ ಅದಲಿ ಬದಲಿ ಮಾಡಿಕೊಂಡೇವಿ. ಅವಂಗ ಶಾಂತವ್ವನ ಬಾಜೂ ಬಂದಿತ್ತು. ಅವಂಗ ದನ ಕಟ್ಟಾಕ ಹಿಂದಿನ ಜಾಗಾ ಛಲೋ ಆತು, ನನಗ ಇದು. ಬಾಯಿ ಮಾತಿಲೆ."

"ಹಂಗಾರ ಛಲೋ ಆತಲ್ಲ."

ಕಿಂಡಿಯಿಂದ ಶಾಂತವ್ವ ಹೇಳಿದಳು, "ಛಲೋ ಏನ್ ಆತು? ಹಕ್ಕುಪತ್ರ ಪರಸಪ್ಪನ ಹೆಸರಿಲೆ ಐತಿ. ಮುದುಕ ಇರೂತನಕ ಮಾತಿಗೆ ತಪ್ಪೂದಿಲ್ಲ. ಅವ ಸತ್ತ ಮ್ಯಾಲೆ ಮಕ್ಕಳು ಏಳ್ರಿ ಅಂದರ ಈಕಿ ಎಲ್ಲಿ ಹೋಗಬೇಕು? ಪತ್ರ ಬದಲಿ ಮಾಡಿಸಿ ಕೊಡ್ರಿ. ಇದರ ಮಾಡ್ರಿ."

ಅವಳು "ಇದರ" ಎಂದದ್ದು, ಅಂದರೆ ಇದನ್ನಾದರೂ ಎಂದದ್ದು, ನನಗೆ ಕೇಳಿಸಿತು. ಹೇಳುತ್ತೇನೆ ಎಂದೆ. ಈ ಸಲ ಖಂಡಿತವಾಗಿ "ಹೇಳತೀನಿ" ಎಂದೇ ಅಂದೆ, ದಿನಚರಿಯಲ್ಲೂ ಹಾಗೇ ಇದೆ. ಹೊರಡುವ ಮುಂಚೆ, ಅತ್ತೆ ಕೊಟ್ಟ ಚೀಲದಿಂದ ಅಕ್ಕಿ ಕೊಬ್ಬರಿ ತೆಗೆದು, ಕೈಗೆ ಸಿಕ್ಕ ಖಣವನ್ನಿಟ್ಟು ಬೀರವ್ವನ ಉಡಿ ತುಂಬಿದೆ. ಆ ಮನೆಯ ಮಗಳು ತವರಿನವಳಿಗೆ ಉಡಿ ತುಂಬಿದರೆ ಚಂದ ಎಂದು ನನಗೆ ಅನಿಸಿತ್ತು. ಬೀರವ್ವ ಖಣವನ್ನು ಸವರಿದಳು. ಕಿಂಡಿಯಿಂದ ಶಾಂತವ್ವ ಬಗ್ಗಿ ನೋಡಿದಳು. ದಾಳಿಂಬೆ ಬಣ್ಣ.

ಎಣ್ಣೆಯ ಕಲೆ ಅದರ ಮೂಲೆಯಲ್ಲಿ ಇತ್ತೇ? ಇತ್ತು ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಜೀಪು ಹತ್ತುವ ತನಕ ನನಗೆ ಅದು ಹೊಳೆದೇ ಇರಲಿಲ್ಲ ಎಂಬುದೂ ನಿಜ. ಹೊಳೆಯದೇ ಇದ್ದದ್ದು ಕಂಡಿತ್ತು ಎನ್ನಲು ಬರುತ್ತದೆಯೇ? ಇಷ್ಟು ಮಾತ್ರ ಗೊತ್ತು: ಶಾಂತವ್ವ ಏನೋ ಹೇಳಲು ಬಾಯಿ ತೆರೆದಳು, ಬೀರವ್ವ ಗೋಡೆಯ ಕಡೆ ಕೈ ಎತ್ತಿದಳು, ಶಾಂತವ್ವ ಕಿಂಡಿಯಿಂದ ಹಿಂದೆ ಸರಿದಳು. "ಹೋಗಿ ಬರ್ರಿ," ಎಂದಳು ಬೀರವ್ವ. ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಟ್ರಂಕಿನಲ್ಲಿ ದಾಳಿಂಬೆ ಬಣ್ಣದವು ಹಲವು ಇದ್ದವಂತೆ. "ಎಲ್ಲಾ ದಾಳಿಂಬಿ ಬಣ್ಣದೂ ಒಂದ ಕಾಣತಾವ. ಸುಮ್ಮ ತಲಿ ಕೆಡಿಸಿಕೊಬ್ಯಾಡ," ಎಂದರು. ಆದರೆ ಆ ರಾತ್ರಿ ಊಟಕ್ಕೆ ಕುಳಿತಾಗ ಅತ್ತೆ ಎರಡನೆಯ ರೊಟ್ಟಿ ಹಾಕಿಸಿಕೊಳ್ಳಲಿಲ್ಲ.

ಯಜಮಾನರು ಮತ್ತೆ ಗೆದ್ದರು. ಹಕ್ಕುಪತ್ರದ ಮಾತನ್ನು ಹೇಳಿದೆ, ಬರೆದು ಕೊಟ್ಟೆ, ನೆನಪಿಸಿದೆ. ಕಾರ್ಯವಿಧಾನ ಹಿಂದಿನದೇ ಆದ್ದರಿಂದ ಫಲಿತಾಂಶವನ್ನು ಮತ್ತೆ ಬರೆಯುವುದಿಲ್ಲ.

ಮೂರನೆಯ ಪ್ರಚಾರದ ಹೊತ್ತಿಗೆ ಕಸುಬು ಬದಲಾಗಿತ್ತು. ಅತ್ತೆ ತೀರಿಕೊಂಡಿದ್ದರು. ಎಲ್ಲರ ಕೈಯಲ್ಲಿ ಮೊಬೈಲು. ನಾನು ಒಂದು ಮನೆಯಿಂದ ಹೊರಡುವ ಮುಂಚೆಯೇ ಮುಂದಿನ ಮನೆಗೆ ಸುದ್ದಿ ಹೋಗಿ, ಚಹಾ ತಯಾರಾಗಿ ಆರುತ್ತಿತ್ತು. ಮುಂಚೆ ಅನಿರೀಕ್ಷಿತವಾಗಿ ಹೋಗಿ ಒಲೆಯ ಮುಂದೆ ಕೂಡುವುದರಲ್ಲೇ ನಮ್ಮ ಕಸುಬಿನ ಸೊಗಸು ಇತ್ತು. ನನಗೂ ವಯಸ್ಸಾಗಿ, ಎರಡೂ ಮೊಣಕಾಲು ಹಿಡಿದುಕೊಂಡಿದ್ದವು. ಚಾಪೆಯ ಮೇಲೆ ಕುಳಿತರೆ ಏಳಲು ಇಬ್ಬರು ಬೇಕು.

ಹೊಸ ಊರಿನಲ್ಲಿ ಬೀರವ್ವನ ಬಾಗಿಲಿಗೆ ಹೋದೆ. ಪಡಸಾಲೆಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಯಾರೋ ಮೊದಲೇ ಒರೆಸಿಟ್ಟಿದ್ದರು.

"ಬರ್ರಿ ಬಾಯಾರ, ಕುಂಡ್ರ್ರಿ," ಎಂದಳು ಬೀರವ್ವ. ತಾನು ಕೆಳಗೆ ಗೋಡೆಗೆ ಒರಗಿ ಕುಳಿತಳು.

"ಒಳಗ ಕುಂಡ್ರತೀನಿ ಬಿಡವ್ವ."

"ಬ್ಯಾಡ್ರಿ, ಒಳಗ ಹೊಗಿ ಐತಿ. ನಿಮಗ ತ್ರಾಸ ಆಗತೈತಿ."

ಹಾಲು ಹಾಕಿದ ಚಹಾ ಬಂತು, ತಟ್ಟೆಯಲ್ಲಿ ಬಿಸ್ಕೀಟು ಬಂತು. ಶಾಂತವ್ವ ಬಾಗಿಲಲ್ಲಿ ನಿಂತು ಕೈ ಮುಗಿದಳು. ಪರಸಪ್ಪ ತೀರಿಕೊಂಡ ಸುದ್ದಿ ನನಗೆ ದಾರಿಯಲ್ಲೇ ತಿಳಿದಿತ್ತು. ಹಕ್ಕುಪತ್ರದ ಮಾತು ತೆಗೆಯುತ್ತಾರೆ ಎಂದು ಕಾದೆ. ತೆಗೆಯಲಿಲ್ಲ. ನಾನೇ ಕೇಳಿದೆ. "ಅದೆಲ್ಲಾ ಇರಲಿ ಬಿಡ್ರಿ ಬಾಯಾರ. ಸಾಹೇಬರು ಆರಾಮ ಅದಾರಲ್ಲ?" ಎಂದಳು ಬೀರವ್ವ. ಅತ್ತೆ ಹೇಳಿಕೊಟ್ಟಂತೆ ಚಹಾ ಕುಡಿದು ಎದ್ದು ಬಂದೆ.

"ಮೊಣಕಾಲು ನೋವಿನಾಕಿ ಅಂತ ಕುರ್ಚಿ ಹಾಕ್ಯಾರ," ಎಂದರು ಯಜಮಾನರು. "ಹಳ್ಳಿ ಮಂದಿಗೆ ಅಷ್ಟು ತಿಳಿಯೂದಿಲ್ಲೇನು? ನೀ ಎಲ್ಲದಕ್ಕೂ ಏನರ ಒಂದು ಅರ್ಥ ಹಚ್ಚತಿ." ಇರಬಹುದು. ನಾನು ಜೀಪಿನಿಂದ ಕುಂಟುತ್ತ ಇಳಿದದ್ದನ್ನು ಊರೇ ನೋಡಿತ್ತು. ಹಲವು ವರ್ಷ ನಾನು ಈ ವಿವರಣೆಯನ್ನು ಕಾಪಾಡಿಕೊಂಡು ಬಂದೆ, ಏಕೆಂದರೆ ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

ಆ ಸಲ ಸೋತರು. ಎಮ್ಮೆಯೋ ಆಕಳೋ ಹಾರ ತಿಂದಿತು.

ನಿವೃತ್ತಿಯ ಮೇಲೆ ಬಿಡುವು ಸಿಕ್ಕಿತು. ಹೇಳುವುದಕ್ಕೆ ಈಗ ಅಧಿಕಾರದಲ್ಲಿ ಯಾರೂ ಇಲ್ಲವಾದ್ದರಿಂದ ನಾನೇ ಒಂದು ದಿನ ಬಸ್ಸು ಹತ್ತಿ ಪುನರ್ವಸತಿಯ ಕಚೇರಿಗೆ ಹೋದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಬೀರವ್ವ ನಿಮಗ ಏನಾಗಬೇಕ್ರಿ?"

ಬಾಯಿಗೆ ಒಂದು ಮಾತು ಬಂತು. ಹೇಳಲು ಧೈರ್ಯವಾಗಲಿಲ್ಲ. "ಗೊತ್ತಿದ್ದವರು," ಎಂದೆ.

ಕಂಪ್ಯೂಟರಿನಲ್ಲಿ ಹುಡುಕಿದರು. "ಇದು ಆಗಿ ಹೋಗೇತಲ್ಲರಿ. ಪರಸಪ್ಪನ ಮಕ್ಕಳು, ಈ ಅಜ್ಜಿ, ಜೋಡಿ ಆಕಿ ಬಾಜೂ ಮನ್ಯಾಕಿ, ಎಲ್ಲಾರೂ ಕೂಡಿ ಬಂದಿದ್ದರು. ಬೀರೇಶ್ವರ ಗುಡಿ ಕಟ್ಟಿ ಮ್ಯಾಲೆ ಹಿರಿಯರ ಮುಂದ ಮಾತು ಮುಗಿಸಿಕೊಂಡ ಬಂದಿದ್ದರು. ನಾವು ಕಾಗದ ಮಾಡಿ ಕೊಟ್ಟೇವಿ."

"ಯಾವಾಗ?"

ಅವರು ಹೇಳಿದ ದಿನ ನನ್ನ ಕೆಂಪು ಕುರ್ಚಿಗಿಂತ ಮುಂಚಿನದು.

"ಇದಕ್ಕ ನಮ್ಮ... ಇದಕ್ಕ ಯಾರದರ ಶಿಫಾರಸು ಪತ್ರ ಬೇಕಾಗಿರಲಿಲ್ಲೇನು?"

"ಯಾಕ ಬೇಕ್ರಿ?" ಎಂದರು ಅವರು, ನಿಜವಾಗಿಯೂ ಅರ್ಥವಾಗದೆ. "ಇಬ್ಬರೂ ಒಪ್ಪಿದ ಮ್ಯಾಲೆ ಮುಗೀತು. ಮೊದಲ ಬಂದಿದ್ದರ ಮೊದಲ ಆಗತಿತ್ತು."

ಅವರು ಮೊದಲೇ ಏಕೆ ಬರಲಿಲ್ಲ ಎಂಬುದನ್ನು ನಾನು ಗುಮಾಸ್ತರಿಗೆ ವಿವರಿಸಲಿಲ್ಲ. ನಾವು ಮಾಡಿಸಿಕೊಡುತ್ತೇವೆ ಎಂದು ಕಾದಿದ್ದರು. ನಮ್ಮ ಎರಡು ಗೆಲುವುಗಳ ಅವಧಿಯಲ್ಲಿ ಆ ಇಬ್ಬರು ಹೆಂಗಸರಿಗೆ ನಾವು ಮಾಡಿದ ಕೆಲಸ ಅದೊಂದೇ, ಕಾಯಿಸಿದ್ದು.

ಈ ಬರಹವನ್ನು ಇಲ್ಲಿಗೆ ಮುಗಿಸೋಣವೆಂದಿದ್ದೆ. ನಿನ್ನೆ ಸಂಜೆ ಪಲ್ಲವಿ ಪ್ರಚಾರದಿಂದ ಬಂದಳು. ದಣಿದಿದ್ದಳು, ಖುಷಿಯಾಗಿದ್ದಳು. ಯಜಮಾನರು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ಅವಳು ನನ್ನ ಪಕ್ಕ ಕುಳಿತು ಮೊಬೈಲಿನಲ್ಲಿ ಫೋಟೋ ಸರಿಸುತ್ತ ಹೋದಳು.

"ಎಲ್ಲಾ ಕಡೆ ಕೆಳಗ ಕುಂತು ಕುಂತು ಕಾಲು ಜೋಮು ಹಿಡದಾವ, ಅತ್ತಿ. ಆದರ ಈ ಒಂದು ಮನಿ ನೋಡ್ರಿ. ಹೊಸಾ ಊರಾಗಿಂದು. ನನಗಂತ ಕುರ್ಚಿ ಹಾಕಿದ್ದರು! ಎಷ್ಟು ಮರ್ಯಾದಿ ಅಂತೀರಿ. ಅಜ್ಜಿಗೆ ಕಣ್ಣು ಕಾಣೂದಿಲ್ಲ, ಪಾಪ. ಯಾರ ಮನೀ ಸೊಸಿ ಅಂತ ಕೇಳಿದಳು, ಹೇಳಿದೆ. ಆಮ್ಯಾಲೆ ಕುರ್ಚಿ ತರಿಸಿದಳು."

ಫೋಟೋದಲ್ಲಿ ಪಲ್ಲವಿ ಕುರ್ಚಿಯ ಮೇಲೆ ಕೈ ಮುಗಿದು ನಗುತ್ತಿದ್ದಳು. ಕೆಳಗೆ ಗೋಡೆಗೆ ಒರಗಿ ಬೀರವ್ವ, ಕೂದಲು ಪೂರ್ತಿ ಬೆಳ್ಳಗೆ, ಕ್ಯಾಮೆರಾ ಇಲ್ಲದ ಕಡೆಗೆ ಮುಖ ಮಾಡಿಕೊಂಡು ಕುಳಿತಿದ್ದಳು.

"ಬಿಸ್ಕೀಟು ಇಟ್ಟಿದ್ದರೇನು?" ಎಂದು ಕೇಳಿದೆ.

"ಇಟ್ಟಿದ್ದರ್ರಿ! ನಿಮಗ ಹ್ಯಾಂಗ ಗೊತ್ತಾತು?"

"ಏನ್ ಕೇಳಿದರು?"

"ಏನೂ ಕೇಳಲಿಲ್ಲ. ಅದ ನನಗ ಭಾಳ ಸೇರಿತು. ಎಲ್ಲಾರೂ ಅದು ಬೇಕು, ಇದು ಬೇಕು ಅಂತ ಜೀವಾ ತಿಂತಾರ. ಅವರು ಏನಂದ್ರ ಏನೂ ಕೇಳಲಿಲ್ಲ." ನಗುತ್ತ ಮುಂದುವರಿಸಿದಳು, "ಆದರ ಒಂದು ಮಜಾ ಆತು. ಅಜ್ಜಿ ಚಹಾ ಮಾಡಾಕ ಒಳಗ ಹೋದಳಲ್ಲ, ಗ್ವಾಡಿ ಆಚಿಂದ ಯಾರೋ ಒದರಿದರು, 'ಬೇ, ಅದು ಉಪ್ಪಿನ ಡಬ್ಬಿ' ಅಂತ. ಗ್ವಾಡಿ ಆಚಿ ಇದ್ದಾಕಿಗೆ ಹ್ಯಾಂಗ ಕಾಣತಿತ್ತು, ಅತ್ತಿ? ನಾ ಒಳಗ ಹೋಗಿ ನೋಡಬೇಕಂತಿದ್ದೆ. ಹೊಗಿ ಐತಿ, ಬ್ಯಾಡ ಅಂದರು."

ನಾನು ಯಜಮಾನರ ಕಡೆ ನೋಡಿದೆ. ಅವರು ಪತ್ರಿಕೆಯ ಪುಟ ತಿರುಗಿಸದೆ ಬಹಳ ಹೊತ್ತಿನಿಂದ ಅದೇ ಪುಟವನ್ನು ಹಿಡಿದಿದ್ದರು. ಪಲ್ಲವಿ ಕೈಕಾಲು ತೊಳೆದುಕೊಂಡು ಬರುತ್ತೇನೆಂದು ಎದ್ದು, ಎರಡೆರಡು ಮೆಟ್ಟಿಲು ದಾಟುತ್ತ ಓಡಿ ಮಹಡಿ ಹತ್ತಿದಳು.

ಅವಳ ಮೊಣಕಾಲುಗಳಿಗೆ ಏನೂ ಆಗಿಲ್ಲ.